ಅಕ್ಕುತಾಯಿಯ ಎಡಗೈ

ಧೂಳಪ್ಪನ ಬಗ್ಗೆ ಹೇಳಬೇಕೆಂದರೆ ಮೊದಲು ಅವನಿಗೆ ಎರಡು ಬೈಯಬೇಕು, ಆಮೇಲೆ ನನಗೆ ನಾನೇ ನಾಲ್ಕು ಬೈದುಕೊಳ್ಳಬೇಕು. ಅದಿಲ್ಲದೆ ಈ ಕಥೆ ನನ್ನ ಬಾಯಿಂದ ಹೊರಡುವುದಿಲ್ಲ.

ನಾನು ಮಂಗಲ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ನನ್ನ ಅಂಗಡಿಯ ಗೋಡೆಗೆ ಗೋಡೆ ಹಚ್ಚಿಕೊಂಡೇ ಧೂಳಪ್ಪನ ಬ್ಯಾನರ್ ಅಂಗಡಿ. ಹುಟ್ಟುಹಬ್ಬ, ಜಯಂತಿ, ಎಲೆಕ್ಷನ್, ಸಾವು, ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಯಾವುದೂ ನಡೆಯುವುದಿಲ್ಲ. ಸತ್ತವರ ಮನೆಯವರು ಬರುವಾಗ ಕೈಯಲ್ಲಿ ಒಂದು ಆಧಾರ್ ಕಾರ್ಡ್ ಹಿಡಿದುಕೊಂಡು ಬರುತ್ತಾರೆ. ಬದುಕಿರುವಾಗ ಒಂದು ಒಳ್ಳೆಯ ಫೋಟೊ ತೆಗೆಸದ ಮುದುಕಿಯ ಮುಖ ಅದರಲ್ಲಿ ಹೆಬ್ಬೆಟ್ಟಿನಷ್ಟು ಇರುತ್ತದೆ. ಧೂಳಪ್ಪ ಆ ಮುಖವನ್ನು ಕತ್ತರಿಸಿ ತೆಗೆದು, ಸ್ವಲ್ಪ ಬೆಳ್ಳಗೆ ಮಾಡಿ, ಕಂಪ್ಯೂಟರಿನಲ್ಲಿ ತಯಾರಿಟ್ಟುಕೊಂಡ ಯಾವುದೋ ಒಂದು ಮೈಗೆ ಅಂಟಿಸುತ್ತಿದ್ದ.

ಆ ಮೈಗಳಿಗೆ ನಂಬರು ಇದ್ದವು. ಗಂಡಸರಿಗೆ ನಾಲ್ಕನೆಯದು, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಹೆಂಗಸರಿಗೆ ಏಳನೆಯದು. ಹಸಿರು ರೇಷ್ಮೆ ಸೀರೆ, ಬಲಗೈಯಲ್ಲಿ ಸೆರಗಿನ ತುದಿ, ಎಡಗೈ ನೆಟ್ಟಗೆ ಕೆಳಗೆ ಇಳಿಬಿಟ್ಟು ಮಣಿಕಟ್ಟಿಗೆ ಬಂಗಾರದ ಬಣ್ಣದ ವಾಚು. ಜೀವಮಾನವಿಡೀ ಕಬ್ಬಿನ ರವದಿ ಹೊತ್ತವಳಿಗೂ ಅದೇ ವಾಚು, ದ್ರಾಕ್ಷಿ ತೋಟದ ಗೌಡತಿಗೂ ಅದೇ ವಾಚು. ಈ ತಾಲೂಕಿನ ಅರ್ಧ ಹೆಂಗಸರು ಅದೇ ಸೀರೆಯುಟ್ಟು ಮೇಲೆ ಹೋಗಿದ್ದಾರೆ.

ನಾನು ಸುಮ್ಮನಿರುವವಳೇ? ಒಮ್ಮೆ ಅಂದೆ, “ಏ ಧೂಳಪ್ಪಾ, ಆ ಏಳನೇ ನಂಬರಿನಾಕಿ ಜಂಪರ್ ತೋಳು ದೊಗಳಿ ಆಗೈತಿ ನೋಡು. ಆಕಿನ್ನ ಒಮ್ಮೆ ನನ್ನ ಕಡೆ ಕಳಸು, ಹಿಡದು ಕೊಡ್ತೀನಿ.”

ಅವನು ಮೌಸ್ ಬಿಡದೆ ನಕ್ಕ. “ಅಕ್ಕಾರ, ಸತ್ತವರು ತಕರಾರ್ ಮಾಡೂದಿಲ್ರಿ.”

ಆ ಮಾತು ಅವನಿಗೇ ತಿರುಗಿ ಬಂತು. ಅದನ್ನೇ ಹೇಳಲು ಹೊರಟಿದ್ದೇನೆ.

ಅವನು ಹೀಗೆ ಮುಖ ಅಂಟಿಸಲು ಹುಟ್ಟಿದವನಲ್ಲ. ರಾಯಬಾಗದ ಕಡೆಯ ಕೂಲಿಕಾರರ ಮನೆಯ ಮಗ, ಬೆಳಗಾವಿಯಲ್ಲಿ ಐದು ವರ್ಷ ಚಿತ್ರಕಲೆ ಕಲಿತು ಬಂದಿದ್ದ. ಮನುಷ್ಯರ ಮೈ ನೋಡಿ ನೋಡಿ ಪೆನ್ಸಿಲಿನಲ್ಲಿ ತೆಗೆಯುವುದರಲ್ಲಿ ಇಡೀ ಕ್ಲಾಸಿಗೆ ಮೊದಲಿಗನಂತೆ. ಹಾಗಂತ ಅವನು ಹೇಳಲಿಲ್ಲ, ಅಕ್ಕುತಾಯಿ ಹೇಳುತ್ತಿದ್ದಳು. ಓದು ಮುಗಿಸಿ ಅಂಗಡಿಗಳ ಬೋರ್ಡು ಬರೆಯುತ್ತ ಹೊಟ್ಟೆ ಹೊರೆಯುತ್ತಿದ್ದಾಗ, ಯಾರದೋ ಮದುವೆಗೆಂದು ಜುಗೂಳಕ್ಕೆ ಹೋದ. ಅಲ್ಲಿ ಕೃಷ್ಣೆಯ ದಂಡೆಯ ಮೇಲೆ ಒಬ್ಬ ಹುಡುಗಿ ಬಟ್ಟೆ ಒಗೆಯುತ್ತಿದ್ದಳು. ಒದ್ದೆ ಸೀರೆ ಹಿಂಡುವಾಗ ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಬರೀ ಬಲಗೈಯಿಂದ ತಿರುವುತ್ತಿದ್ದಳು. ಇವನು ಮದುವೆ ಊಟ ಬಿಟ್ಟು ಅಲ್ಲೇ ಕಲ್ಲಿನ ಮೇಲೆ ಕುಳಿತು ಚಿತ್ರ ತೆಗೆದ.

ಅವಳೇ ಅಕ್ಕುತಾಯಿ. ಆರು ವರ್ಷದವಳಿದ್ದಾಗ ಎಮ್ಮೆಯ ಮೇಲಿಂದ ಬಿದ್ದು ಎಡಗೈ ಮುರಿದಿತ್ತು. ನಾಟಿ ವೈದ್ಯ ಕಟ್ಟಿದ ಕಟ್ಟು ಸೊಟ್ಟಗೆ ಕೂಡಿತು. ಅಂದಿನಿಂದ ಆ ಮೊಣಕೈ ನೆಟ್ಟಗಾಗಲೇ ಇಲ್ಲ. ಕೊಡವಿಲ್ಲದಿದ್ದರೂ ಸೊಂಟದ ಮೇಲೆ ಕೊಡ ಹೊತ್ತವಳ ಹಾಗೆ ಬಾಗಿಯೇ ಇರುತ್ತಿತ್ತು. ಹೆಣ್ಣು ನೋಡುವ ದಿನ ಮನೆಯವರು ಅದನ್ನು ಸೆರಗಿನಲ್ಲಿ ಮುಚ್ಚಿ ಕೂರಿಸಿದ್ದರಂತೆ. ಧೂಳಪ್ಪ ಎಲ್ಲರೆದುರಿಗೆ, “ಮುಚ್ಚಬ್ಯಾಡ್ರಿ, ನಾ ಆ ಕೈ ಕಂಡ ಬಂದೀನಿ” ಅಂದನಂತೆ. ಇಂಥ ಮಾತು ಹೇಳಿದ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಎಷ್ಟು ಬೈದರೂ ಇದೊಂದಕ್ಕೆ ಅವನಿಗೆ ಮಾಫಿ.

ಮದುವೆಯಾದ ಮೊದಲ ವರ್ಷಗಳಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರ ಸಂಸಾರ. ಬೋರ್ಡು ಬರೆದು ಬಂದವನು ಸಂಜೆ ಅವಳನ್ನು ಕೂರಿಸಿಕೊಂಡು ಚಿತ್ರ ತೆಗೆಯುತ್ತಿದ್ದ. ರೊಟ್ಟಿ ಬಡಿಯುವಾಗ, ಅಕ್ಕಿ ಆರಿಸುವಾಗ, ಕೂಸಿಗೆ ಹಾಲೂಡಿಸುವಾಗ, ಎಲ್ಲದರಲ್ಲೂ ಆ ಎಡಗೈ. “ಎಷ್ಟ್ ಸಲ ತಗೀತಿಯೋ ಮಾರಾಯಾ?” ಎಂದು ಕೇಳಿದರೆ, “ಆ ಮೊಣಕೈ ಕೈಗಿ ಸಿಗವಲ್ದ್ರಿ ಅಕ್ಕಾರ. ಇವತ್ತ ಸಿಕ್ತು ಅನಸ್ತೈತಿ, ನಾಳಿ ನೋಡಿದ್ರ ಇಲ್ಲ” ಅನ್ನುತ್ತಿದ್ದ. ಅಕ್ಕುತಾಯಿ ಹೊರಗೆ ಯಾರೇ ಫೋಟೊ ತೆಗೆಯಲು ನಿಂತರೂ ತಟ್ಟನೆ ಎಡಗೈ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಮದುವೆಯ ಆಲ್ಬಮ್ಮಿನಿಂದ ಹಿಡಿದು ಮಗಳ ಮೊಬೈಲಿನವರೆಗೆ ಒಂದೇ ಒಂದು ಫೋಟೊದಲ್ಲಿ ಆ ಕೈ ಇಲ್ಲ. ಗಂಡನ ಪೆನ್ಸಿಲಿನ ಮುಂದೆ ಮಾತ್ರ ಸೆರಗು ಸರಿಸಿ ಕೂರುತ್ತಿದ್ದಳು.

ಮತ್ತೆ ನನ್ನ ಕತ್ತರಿಯ ಮುಂದೆ. ಅವಳ ಬ್ಲೌಸಿನ ಎಡತೋಳಿಗೆ ನಾನು ಬೇರೆಯೇ ಅಳತೆ ಇಟ್ಟುಕೊಂಡಿದ್ದೆ. ಮೊಣಕೈ ದಾಟುವಷ್ಟು ಉದ್ದ, ಹೊರಗಡೆ ಒಂದು ಇಂಚು ಹೆಚ್ಚು, ಒಳಗಡೆ ಒಂದು ಚಿಮುಟು. ಹಾಕಿಕೊಂಡರೆ ಒಂದು ನಿರಿಗೆ ಬೀಳುತ್ತಿರಲಿಲ್ಲ.

ಅವರ ಮಗಳು ಪ್ರಾಜಕ್ತಾ ಬಾಲವಾಡಿಗೆ ಹೋಗುತ್ತಿದ್ದ ವರ್ಷ ಊರಿಗೆ ಫ್ಲೆಕ್ಸ್ ಬಂತು. ಕುಂಚ ಹಿಡಿದವರೆಲ್ಲ ಕೈ ಕಟ್ಟಿ ಕುಳಿತರು. ಧೂಳಪ್ಪ ಜಾಣ, ಕಂಪ್ಯೂಟರ್ ಕಲಿತ. ಟೇಬಲ್ ಇಡಲು ಜಾಗ ಬೇಕೆಂದು ಅಂಗಡಿ ಖಾಲಿ ಮಾಡುತ್ತಿದ್ದ ದಿನ ಅಕ್ಕುತಾಯಿ ಒಂದು ದೊಡ್ಡ ಕಾಗದದ ಕಟ್ಟು ಹೊತ್ತು ನನ್ನ ಅಂಗಡಿಗೆ ಬಂದಳು.

“ಅಕ್ಕಾರ, ಫರ್ಮಾಕ್ಕ ದಪ್ಪ ಕಾಗದ ಬೇಕಂತಿದ್ರೆಲಾ? ಇವರು ಒಯ್ದು ಕೊಡಂದ್ರು. ಇನ್ನ ಇವು ಉಪಯೋಗಿಲ್ಲಂತ.”

ಬ್ಲೌಸಿನ ತೋಳು, ಕುತ್ತಿಗೆ, ಬೆನ್ನು, ಒಂದೊಂದನ್ನೂ ಅಳತೆಗೆ ಸರಿಯಾಗಿ ದಪ್ಪ ಕಾಗದದಲ್ಲಿ ಕತ್ತರಿಸಿಟ್ಟುಕೊಳ್ಳುತ್ತೇವೆ, ಅದಕ್ಕೆ ಫರ್ಮಾ ಅನ್ನುವುದು. ಕಟ್ಟು ಬಿಚ್ಚಿ ನೋಡಿದೆ. ಒಳ್ಳೆ ಗಟ್ಟಿ ಕಾಗದ. ಪ್ರತಿ ಹಾಳೆಯ ಮೇಲೂ ಅವಳೇ.

“ಏ ಹುಚ್ಚಿ, ಇವೆಲ್ಲಾ ನೀನ ಅದೀಯಲ್ಲ!”

“ಇರ್ಲಿ ಬಿಡ್ರಿ. ನಾ ಎಲ್ಲಿ ಹೊಕ್ಕೀನಿ, ಇಲ್ಲೇ ಅದೀನಲ್ಲ. ಮತ್ತ ತಗೀತಾರ.”

ನಾನು ಕತ್ತರಿ ಎತ್ತಿಕೊಂಡೆ. ಅವಳು ಪಕ್ಕದಲ್ಲೇ ನಿಂತು ನಗುತ್ತ, “ಕೈ ಮ್ಯಾಲ ಕತ್ತರಿ ಹಾಯಿಸಬ್ಯಾಡ್ರಿ, ಅದು ಮೊದಲ ಸೊಟ್ಟ ಐತಿ” ಅಂದಳು. ನಾನೂ ನಕ್ಕೆ. ನಗುತ್ತಲೇ ಕತ್ತರಿಸಿದೆ. ನನ್ನ ಕೈ ಸೇದಿಹೋಗಬಾರದಿತ್ತೇ ಆವತ್ತು!

ಆಮೇಲೆ ಅವನು ತೆಗೆಯಲೇ ಇಲ್ಲ. ಅವಳು ವರ್ಷಕ್ಕೆ ಒಂದೆರಡು ಸಲವಾದರೂ ಕೇಳುತ್ತಿದ್ದಳು, ನನಗೆ ಗೋಡೆಯ ಈಚೆಗೆ ಕೇಳಿಸುತ್ತಿತ್ತು. “ನನ್ನೊಮ್ಮೆ ತಗೀರಿ.” “ಎಲೆಕ್ಷನ್ ಮುಗೀಲಿ.” “ದೀಪಾವಳಿ ಹೋತಲ್ಲ, ಈಗರ ತಗೀರಿ.” “ಜಯಂತಿ ಆರ್ಡರ್ ಬಂದಾವ, ಅವಷ್ಟು ಮುಗೀಲಿ.” ಹದಿನೇಳು ವರ್ಷ ಹೀಗೇ ನಡೆಯಿತು. ಅವನೇನು ಕೆಟ್ಟವನಲ್ಲ. ಮಗಳನ್ನು ನರ್ಸಿಂಗ್ ಓದಿಸಿದ, ಮನೆ ಕಟ್ಟಿಸಿದ, ಅವಳಿಗೆ ಬೇಕಾದ ಸೀರೆ ಕೊಡಿಸಿದ. ಅವಳು ಬಾಯಿ ಬಿಟ್ಟು ಕೇಳಿದ್ದು ಇದೊಂದೇ, ಇದೊಂದನ್ನೇ ಕೊಡಲಿಲ್ಲ.

ಹೋದ ವರ್ಷ ಏಪ್ರಿಲ್ ಹದಿನಾಲ್ಕರ ಬಾಬಾಸಾಹೇಬರ ಜಯಂತಿ ಜೋರಾಗಿ ನಡೆಯಿತು. ಐದು ದಿನ ಕಳೆದು, ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಅಕ್ಕುತಾಯಿ ಅಲ್ಲೇ ಕುಸಿದು ಬಿದ್ದಳು. ತಲೆಯೊಳಗೆ ನರ ಒಡೆದಿತ್ತು. ಕೊಲ್ಹಾಪುರಕ್ಕೆ ಒಯ್ದರು. ಎರಡು ದಿನ ಉಸಿರಾಡಿ ಹೋಗಿಬಿಟ್ಟಳು. ಐವತ್ತೂ ಆಗಿರಲಿಲ್ಲ. ನನ್ನ ಹಸಿರು ಬಣ್ಣದ ದಾರದ ಉಂಡೆ ಅವಳ ಮನೆಯಲ್ಲೇ ಉಳಿದಿತ್ತು, ನಾಳೆ ಕೊಡುತ್ತೇನೆ ಅಂದಿದ್ದಳು.

ಅಂತ್ಯಕ್ರಿಯೆ ಮುಗಿದ ಮೇಲೆ ಸಂಬಂಧಿಕರ ಹುಡುಗರು ಶ್ರದ್ಧಾಂಜಲಿ ಬ್ಯಾನರ್ ಬೇರೆ ಕಡೆ ಮಾಡಿಸುತ್ತೇವೆ ಅಂದರು. ಧೂಳಪ್ಪ ಒಪ್ಪಲಿಲ್ಲ. “ನಾನ ಮಾಡ್ತೀನಿ” ಎಂದು ಬಂದು ಅಂಗಡಿಯ ಬಾಗಿಲು ತೆಗೆದ. ಅಳುತ್ತ ಅಳುತ್ತಲೇ ಮೊಬೈಲಿನ ಒಂದು ಫೋಟೊದಿಂದ ಅವಳ ಮುಖ ತೆಗೆದ. ಆಮೇಲೆ ಅವನ ಕೈ ಎಷ್ಟೋ ವರ್ಷದಿಂದ ಹೋಗುವ ದಾರಿಯಲ್ಲೇ ಹೋಯಿತು. ಏಳನೇ ನಂಬರು ತೆರೆಯಿತು, ಮುಖ ಕೂತಿತು, ಕೆಳಗೆ ಹೆಸರು ಬಂತು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಅವನಿಗೆ ಗೊತ್ತಾಗಲಿಲ್ಲ. ನಾನೂ ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅವಳ ಎರಡೂ ತೋಳಿನ ಅಳತೆ ಬಾಯಿಪಾಠವಿದ್ದ ನಾನು, ನೋಡಿಯೂ ನೋಡಲಿಲ್ಲ. ಚೊಲೋ ಬಂದಿದೆ ಅಂತ ಬೇರೆ ಅಂದೆ.

ಐದನೆಯ ದಿನ, ಸತ್ತವರಿಗಾಗಿ ಬೌದ್ಧರು ಮಾಡುವ ಜಲದಾನ ವಿಧಿ. ಬುದ್ಧ, ಬಾಬಾಸಾಹೇಬರ ಫೋಟೊಗಳ ಮುಂದೆ ಮೇಣದ ಬತ್ತಿ ಹಚ್ಚಿದ್ದರು, ಎಲ್ಲರೂ ಬಿಳಿ ಬಟ್ಟೆಯಲ್ಲಿ ಬಂದಿದ್ದರು. ಓಣಿಯ ಬಾಯಿಗೆ ಆರಡಿಯ ಫ್ಲೆಕ್ಸ್. ಅಕ್ಕುತಾಯಿಯ ತಾಯಿ, ನಾವೆಲ್ಲ ಆಯಿ ಅನ್ನುತ್ತೇವೆ, ಜುಗೂಳದಿಂದ ಬಂದು ಅದರ ಕೆಳಗೆ ನಿಂತರು. ಎಂಬತ್ತರ ಮೇಲಾಗಿದೆ, ಕಣ್ಣು ಮಂಜು. ಬಹಳ ಹೊತ್ತು ಕತ್ತೆತ್ತಿ ನೋಡಿದರು. ಧೂಳಪ್ಪ ಒಳಗೆ ಕರೆದೊಯ್ಯಲು ಬಂದಾಗ ಅವನ ಕೈ ಹಿಡಿದು ಕೇಳಿದರು:

“ಸತ್ತ ಮ್ಯಾಲ ನನ್ನ ಮಗಳ ಕೈ ನೆಟ್ಟಗಾತೇನಪಾ?”

ಸಿಟ್ಟಿರಲಿಲ್ಲ ಆ ದನಿಯಲ್ಲಿ, ಚುಚ್ಚು ಇರಲಿಲ್ಲ. ಆ ಜೀವ ಖರೇನೇ ಕೇಳುತ್ತಿತ್ತು. ಆಗಿರಬಹುದೇನೋ ಎಂಬ ಆಸೆಯೂ ಅದರಲ್ಲಿತ್ತು. ಧೂಳಪ್ಪ ಮೇಲೆ ನೋಡಿದ, ಆಗ ಅವನಿಗೆ ಕಂಡಿತು. ನಿಚ್ಚಣಿಕೆ ತಂದು ಹತ್ತಿ ತಾನೇ ಹಗ್ಗ ಕತ್ತರಿಸಿದ. ಬ್ಯಾನರ್ ಸುತ್ತಿಕೊಂಡು ಅಂಗಡಿಯೊಳಗೆ ಹೋಗಿ ಅದರ ಮೇಲೆ ಕುಳಿತುಬಿಟ್ಟ. ವಿಧಿ ಮುಗಿಯುವವರೆಗೂ ಯಾರು ಕರೆದರೂ ಏಳಲಿಲ್ಲ.

ಒಂದು ತಿಂಗಳಾದ ಮೇಲೆ ನನ್ನ ಬಳಿ ಬಂದು ನಿಂತ. “ಅಕ್ಕಾರ, ವರ್ಷದ ದಿನಕ್ಕ ಆಕಿದೊಂದ್ ಚಿತ್ರ ತಗೀಬೇಕ್ರಿ. ಪೂರಾ ಮೈದು, ಆ ಕೈ ಸಹಿತ. ತಗದು ಆಯಿ ಮುಂದ ಇಡಬೇಕು. ಅಲ್ಲೀತನಕ ನಾ ಅವರಿಗಿ ಮುಖ ತೋರ್ಸೂದಿಲ್ಲ.” ಆಮೇಲೆ ತಡೆದು ತಡೆದು ಕೇಳಿದ, “ಆಗಿನ ಕಾಗದ ನಿಮ್ಮ ಕಡೆ ಒಂದರ ಉಳದೈತೇನ್ರಿ?”

ನಾನು ಸುಳ್ಳು ಹೇಳಿದೆ. “ಎಲ್ಲಿ ಉಳೀತಾವಪಾ, ಯಾವಾಗೋ ಹರದು ಹೋದ್ವು” ಅಂದೆ. ನನ್ನ ತಲೆಯ ಮೇಲೆಯೇ, ಗೋಡೆಯ ಮೊಳೆಗೆ ಆ ಫರ್ಮಾಗಳ ಕಟ್ಟು ತೂಗುತ್ತಿತ್ತು. ಅವನ ಹೆಂಡತಿಯನ್ನು ತುಂಡು ತುಂಡು ಮಾಡಿದ್ದೇನೆಂದು ಯಾವ ಬಾಯಿಂದ ತೋರಿಸಲಿ? ಈಗ ಗೊತ್ತಾಯಿತೇ, ನನಗೆ ನಾನೇ ನಾಲ್ಕು ಏಕೆ ಬೈದುಕೊಳ್ಳಬೇಕೆಂದು?

ಅವನು ಮತ್ತೆ ಕಲಿಯಲು ಕುಳಿತ. ಐವತ್ತಮೂರನೆಯ ವಯಸ್ಸಿಗೆ, ಅಕ್ಷರ ತಿದ್ದುವ ಕೂಸಿನ ಹಾಗೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ, ಹತ್ತರ ಮೇಲೆ ಕೋರ್ಟಿನ ಆವಾರದಲ್ಲಿ. ತಾರೀಖಿಗೆ ಬಂದವರಷ್ಟು ಅಲುಗಾಡದೆ ಕೂರುವವರು ಯಾರೂ ಇಲ್ಲ ಅನ್ನುತ್ತಿದ್ದ. ಹೊಲದ ವ್ಯಾಜ್ಯಕ್ಕೆ ಅಥಣಿಯಿಂದ, ನಿಪ್ಪಾಣಿಯಿಂದ ಬಂದ ಮಂದಿ ಬೇವಿನ ಕಟ್ಟೆಯ ಮೇಲೆ ಹೆಸರು ಕೂಗುವುದನ್ನೇ ಕಾಯುತ್ತ ಕಲ್ಲಾಗಿ ಕೂರುತ್ತಿದ್ದರು. ಇವನು ಅವರೆದುರು ಹಾಳೆ ಹಿಡಿದು ಕೂರುತ್ತಿದ್ದ. “ಏನ್ರಿ ಪೇಂಟರ್, ನಂದೂ ಫೋಟೊ ತಗ್ಯಾಕತ್ತೀರೇನು? ನಾ ಇನ್ನಾ ಸತ್ತಿಲ್ರಿ!” ಎಂದು ಒಬ್ಬ ಮುದುಕ ಚೇಷ್ಟೆ ಮಾಡಿದನಂತೆ. ಊರಿಗೆ ಊರೇ ನಕ್ಕಿತು, ಇವನೂ ನಕ್ಕು ಬಂದ.

ಮೊದಮೊದಲು ತೆಗೆದದ್ದನ್ನು ನನ್ನ ಮುಂದೆ ತಂದು ಹಾಸಿದ. ಎಲ್ಲರೂ ಏಳನೇ ನಂಬರಿನ ಹಾಗೆಯೇ ನಿಂತಿದ್ದರು. ಒಬ್ಬ ಮುದುಕಿಯ ಚಿತ್ರ ತೋರಿಸಿ, “ಈಕಿ ಕೈ ಹಿಂಗ ಕೆಳಗ ಬಿಟ್ಟಿದ್ಲೇನು?” ಎಂದೆ.

“ಇಲ್ರಿ. ತೊಡಿ ಮ್ಯಾಲ ಇಟ್ಟಕೊಂಡಿದ್ಲು. ನನ್ನ ಕೈ ತಾನ ಇಳಸಿಬಿಡ್ತೈತ್ರಿ.”

ಹಾಗಂದವನ ಮುಖ ನೋಡಲಾಗಲಿಲ್ಲ. ಆದರೂ ಬಿಡಲಿಲ್ಲ. ತೆಗೆದು ಬಿಟ್ಟ ಹಾಳೆ ರಾಶಿ ಬೀಳತೊಡಗಿತು. ದೀಪಾವಳಿಯ ಹೊತ್ತಿಗೆ ಕುಕ್ಕುರುಗಾಲಿನಲ್ಲಿ ಕುಳಿತವರ ಭಾರ ಹಿಮ್ಮಡಿಗೆ ಇಳಿದದ್ದು ಕಾಣತೊಡಗಿತು. ರಾಯಬಾಗದ ಸಂತೆಯಲ್ಲಿ ತೆಗೆದ ಒಬ್ಬ ಮೆಣಸಿನಕಾಯಿ ಮಾರುವವಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದೆಯೇನೋ ಅನ್ನಿಸಿತು. ಹಳೆಯ ಧೂಳಪ್ಪ ಬಂದ ಎಂದುಕೊಂಡೆ. ಆದರೆ ಅಕ್ಕುತಾಯಿಯನ್ನು ತೆಗೆಯಲು ಕೂತರೆ ಮುಖ ಬರುತ್ತಿತ್ತು, ನಿಲುವು ಬರುತ್ತಿತ್ತು, ಎಡ ಹೆಗಲಿನ ತನಕ ಬಂದು ಪೆನ್ಸಿಲ್ ನಿಂತುಬಿಡುತ್ತಿತ್ತು.

ನನ್ನ ಅಳತೆಯ ವಹಿ ಕೇಳಿದ. ಕೊಟ್ಟೆ. ಹೆಗಲಿನಿಂದ ಮೊಣಕೈ, ಮೊಣಕೈಯಿಂದ ಮಣಿಕಟ್ಟು, ಸುತ್ತಳತೆ, ಎಲ್ಲ ಇಂಚು ಇಂಚು ನೋಡಿ ಒಂದು ಕೈ ತೆಗೆದ. ನಾನು ಟೇಪು ಹಿಡಿದು ನೋಡಿದೆ, ಒಂದು ಕಾಲಿಂಚು ತಪ್ಪಿರಲಿಲ್ಲ. “ಅಳತಿ ಬರೋಬ್ಬರಿ ಐತ್ರಿ,” ಅಂದ. “ಆಕಿ ಇಲ್ಲ.”

ನನ್ನನ್ನೇ ಕೂರಿಸಿದ. ಅಂಗಡಿ ಮುಚ್ಚಿ ಒಂದು ಇಡೀ ಮಧ್ಯಾಹ್ನ ಎಡಗೈ ಮಡಿಚಿಕೊಂಡು ಕುಳಿತೆ. ನೊಣ ಬಂದರೂ ಓಡಿಸಲಿಲ್ಲ, ನನ್ನಂಥವಳು ಬಾಯಿ ಮುಚ್ಚಿ ಕೂತದ್ದೇ ದೊಡ್ಡದು. ಕೊನೆಗೆ ಹಾಳೆ ಕೆಳಗಿಟ್ಟು ಹೇಳಿದ, “ನಿಮ್ಮ ಕೈ ಸುಮ್ನ ಬಾಗೈತ್ರಿ ಅಕ್ಕಾರ. ಆಕಿದು ಬಾಗಿ ಕೆಲಸ ಮಾಡ್ತಿತ್ತು.”

ಸಂಕ್ರಮಣಕ್ಕೆ ಕೊಲ್ಹಾಪುರದ ಆಸ್ಪತ್ರೆಯಿಂದ ಪ್ರಾಜಕ್ತಾ ರಜೆ ಹಾಕಿ ಬಂದಳು. ಮಗಳು ತಾಯಿಯ ಮೈಕಟ್ಟು, ಅದೇ ಹೆಗಲು. ಅವಳನ್ನು ಕೂರು ಅಂದ. ಗೋಡೆಯ ಈಚೆಗೆ ನನ್ನ ಮಷಿನ್ನು ನಿಂತಿತು.

“ಆಕಿ ಹದಿನೇಳು ವರ್ಷ ಕೇಳಿದ್ಲು ಪಪ್ಪಾ,” ಎಂದಳು ಹುಡುಗಿ. “ನಾ ಸಣ್ಣಾಕಿದ್ದಾಗಿಂದ ಕೇಳಾಕತ್ತೀನಿ ಅದನ್ನ. ಈಗ ಯಾರಿಗಿ ತಗ್ಯಾಕತ್ತೀರಿ? ಆಕಿಗೇನು? ಇಲ್ಲ ನಿಮಗ?”

ನಾನು ಎದ್ದು ಅವರ ಬಾಗಿಲಿಗೆ ಬಂದೆ. ಹಾಗಂದರೂ ಪ್ರಾಜಕ್ತಾ ತಾನೇ ಹಿಂದಿನ ಕೋಣೆಯ ಟ್ರಂಕು ತೆಗೆದು ಅವ್ವನ ಬ್ಲೌಸು ಹಾಕಿಕೊಂಡು ಬಂದು ಕುಳಿತಳು. ಬಲತೋಳು ಸರಿಯಾಗಿ ಕೂತಿತು. ಎಡತೋಳು ಕೂರಲಿಲ್ಲ. ಬಾಗಿದ ಕೈಗೆಂದು ನಾನು ಹೊಲಿದದ್ದು ನೆಟ್ಟಗಿನ ಕೈಗೆ ಹೇಗೆ ಕೂತೀತು? ಮೊಣಕೈ ಬಳಿ ಬಟ್ಟೆ ಖಾಲಿ ಉಬ್ಬಿ ನಿಂತಿತು. ತಂದೆ ಮಗಳು ಇಬ್ಬರೂ ಆ ಉಬ್ಬನ್ನೇ ನೋಡಿದರು. ಅವಳು “ಮಾವಶೀ” ಎಂದು ನನ್ನನ್ನು ಕೂಗಿದಳು. ನಾನು ಹೋಗಿ ಹುಕ್ಕು ಬಿಚ್ಚಿದೆ. ನನ್ನ ಭುಜಕ್ಕೆ ಮುಖವಿಟ್ಟು ಅತ್ತಳು ಕೂಸು.

ಇನ್ನು ತಡೆಯಲಾಗಲಿಲ್ಲ. ಆವತ್ತೇ ಮೊಳೆಯಿಂದ ಕಟ್ಟು ಇಳಿಸಿ ಒಯ್ದು ಅವರಿಬ್ಬರ ಮುಂದೆ ಹಾಕಿದೆ. “ಸುಳ್ಳ ಹೇಳಿದ್ನಿ ಧೂಳಪ್ಪಾ. ಎಲ್ಲಾ ಇಲ್ಲೇ ಅದಾವು. ನೋಡು, ಏನ್ ಮಾಡೀನಿ ನೋಡು.”

ನೆಲದ ತುಂಬ ಹರಡಿದೆವು. ಒಂದು ಬೆನ್ನಿನ ಫರ್ಮಾದ ಹಿಂದೆ ಒಗೆಯುವ ಕಲ್ಲಿನ ಮೇಲಿಟ್ಟ ಎರಡು ಪಾದ. ಒಂದು ಕುತ್ತಿಗೆಯ ತುಂಡಿನಲ್ಲಿ ತುರುಬು. ಇನ್ನೊಂದರಲ್ಲಿ ಒಂದೇ ಕಣ್ಣು, ಅರ್ಧ ಮೂಗು, ನತ್ತು. ಹಿಂಡಿದ ಸೀರೆಯಿಂದ ನೀರು ಇಳಿಯುತ್ತಿತ್ತು, ಹಿಂಡುವ ಕೈ ಇರಲಿಲ್ಲ. ಹಾಳೆಯ ನಡುವೆ ಎಲ್ಲಿ ಮೊಣಕೈ ಇರುತ್ತಿತ್ತೋ ಅಲ್ಲೇ ನಾನು ಕಂಕುಳಿನ ದುಂಡು ಕೊಯ್ದಿದ್ದೆ. ಕೊಯ್ದ ಚೂರುಗಳು ಆವತ್ತೇ ಕಸಕ್ಕೆ ಹೋಗಿದ್ದವು. ಒಂದೇ ಒಂದು ತುಂಡಿನ ಅಂಚಿನಲ್ಲಿ ಎಡಗೈಯ ಮೂರು ಬೆರಳು ಉಳಿದಿದ್ದವು. ಧೂಳಪ್ಪ ಅವುಗಳ ಮೇಲೆ ತನ್ನ ಅಂಗೈ ಇಟ್ಟ.

“ನಿಮ್ಮ ತಪ್ಪೇನಿಲ್ರಿ ಅಕ್ಕಾರ,” ಅಂದ. “ಕೊಟ್ಟಾಂವ ನಾನ.”

ಬೈದಿದ್ದರೆ ಚೆನ್ನಾಗಿತ್ತು. ಎರಡು ಬೈಯೋ ಮಾರಾಯಾ ಎಂದು ಕಾಲು ಹಿಡಿಯಬೇಕೆನ್ನಿಸಿತು. ಬದಲಿಗೆ ನನಗೇ ಸಿಟ್ಟು ಬಂತು, ನನ್ನ ಸ್ವಭಾವವೇ ಅಷ್ಟು. “ಇಲ್ಲಿ ಕುಂತು ಏನ್ ಹುಡಕ್ತಿ? ಆ ಕೈ ಯಾರ ಕೈಯಾಗ ಬೆಳೀತು, ಅವರ್ನ ಹೋಗಿ ಕೇಳು. ಜುಗೂಳಕ್ಕ ಹೋಗು.”

“ಯಾವ ಮುಖ ತಗೊಂಡು ಹೋಗ್ಲಿರಿ?”

“ಇದ್ದ ಮುಖಾನ ತಗೊಂಡು ಹೋಗು. ಆಧಾರ್ ಕಾರ್ಡಿನ್ಯಾಗಿಂದ ಕತ್ತರಿಸಿ ತರ್ತಿಯೇನು?”

ಅಂದರೂ ಮೂರು ತಿಂಗಳು ಹಿಂದೇಟು ಹಾಕಿದ. ಏಪ್ರಿಲ್ ಬಂತು. ಈ ವರ್ಷ ಜಯಂತಿಯ ಆರ್ಡರುಗಳನ್ನು ಬೇರೆ ಅಂಗಡಿಗೆ ಕಳಿಸಿದ. ವರ್ಷದ ದಿನಕ್ಕೆ ಇನ್ನು ಎರಡೇ ದಿನ ಇದ್ದಾಗ ಹಾಳೆ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದು, “ನೀವೂ ಬರ್ರಿ” ಅಂದ. ನಾನು, ಅವನು, ಪ್ರಾಜಕ್ತಾ, ಮೂವರೂ ಕಾಗವಾಡದಲ್ಲಿ ಬಸ್ಸು ಬದಲಿಸಿ ಜುಗೂಳಕ್ಕೆ ಹೋದೆವು.

ಆಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ದನ ಕಟ್ಟುವ ಜಾಗದಿಂದ ಬಿಸಿಲು ಒಳಗೆ ಬರುತ್ತಿತ್ತು. ಧೂಳಪ್ಪ ಅವರ ಮುಂದೆ ಹಾಳೆ ಬಿಚ್ಚಿ ಹಾಸಿದ. ನದಿಯ ದಂಡೆಯ ಮೇಲೆ ನಿಂತ ಅಕ್ಕುತಾಯಿ, ಜೀವಂತ, ಈಗ ತಿರುಗಿ ಏನಾದರೂ ಹೇಳುತ್ತಾಳೆ ಅನ್ನುವ ಹಾಗೆ. ಎಡ ಹೆಗಲಿನ ಕೆಳಗೆ ಬರೀ ಕಾಗದ.

ಆಯಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ನೋಡಿದರು. ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದರು.

“ಆಯಿ,” ಅಂದ ಧೂಳಪ್ಪ. “ಆಕಿ ಕೈ ನನಗ ನೆಪ್ಪಾಗವಲ್ದ್ರಿ. ಇಪ್ಪತ್ತೇಳು ವರ್ಷ ಬಾಳೇ ಮಾಡೀನಿ. ನೆಪ್ಪಾಗವಲ್ದು.”

ಮುದುಕಿ ನೆಟ್ಟಗೆ ಕುಳಿತು, ಎರಡೂ ಕೈ ಮುಂದೆ ಚಾಚಿದರು. ಒಂದು ಅಂಗೈ ಮೇಲೆ ಮಾಡಿ ಕೆಳಗೆ ಇಟ್ಟರು, ಮೊಣಕೈಗೆ ಆಸರೆ ಕೊಟ್ಟ ಹಾಗೆ. ಇನ್ನೊಂದನ್ನು ಗೇಣು ದೂರದಲ್ಲಿ ಸ್ವಲ್ಪ ಎತ್ತರಕ್ಕೆ ಹಿಡಿದರು, ಮಣಿಕಟ್ಟು ಹಿಡಿದ ಹಾಗೆ. ನಡುವೆ ಏನೂ ಇರಲಿಲ್ಲ.

“ಹಿಂಗಿತ್ತಪಾ,” ಅಂದರು. “ಬಿದ್ದ ದಿನ ಹೊಳಿ ತುಂಬಿತ್ತು. ವೈದ್ಯ ಆಚಿ ದಂಡಿ ಮ್ಯಾಲ. ದೋಣ್ಯಾಗ ಆಕಿನ್ನ ತೊಡಿ ಮ್ಯಾಲ ಹಾಕ್ಕೊಂಡು, ಕೈ ಹಿಂಗ ಹಿಡದ ಕುಂತಿದ್ನಿ. ಒಂದೀಟ ಅಲಗಾಡಿದ್ರ ಚೀರ್ತಿತ್ತು ಕೂಸು. ಆಮ್ಯಾಲೂ ಎರಡ ವರ್ಷ ದಿನಾ ಎಣ್ಣಿ ಹಚ್ಚೀನಿ, ಹಿಂಗ ಹಿಡದು. ನೆಟ್ಟಗಾದೀತು, ನೆಟ್ಟಗಾದೀತು ಅಂತ.”

ಧೂಳಪ್ಪ ಪೆನ್ಸಿಲ್ ಎತ್ತಿಕೊಂಡಿದ್ದ. ಅಕ್ಕುತಾಯಿಯ ಕೈ ತೆಗೆಯಲು ಹೋಗಲಿಲ್ಲ. ಹಾಳೆಯ ಖಾಲಿ ಜಾಗದ ಕೆಳಗೆ ತಾಯಿಯ ಅಂಗೈ ತೆಗೆದ. ಅದರ ಗೆರೆಗಳು, ಉಬ್ಬಿದ ಗೆಣ್ಣು, ಭಾರಕ್ಕೆ ಸ್ವಲ್ಪ ತಗ್ಗಿದ ನಡುಭಾಗ. ಆಮೇಲೆ ಮೇಲಿನ ಕೈ ತೆಗೆದ. ಎರಡು ಕೈಗಳ ನಡುವೆ ಉಳಿದ ಜಾಗದಲ್ಲಿ, ಹೆಗಲಿನಿಂದ ಒಂದು ಗೆರೆ ಇಳಿಯಿತು, ಅಂಗೈಯೊಳಗೆ ಕೂತು ತಿರುಗಿತು, ಮೇಲಕ್ಕೆ ಹೋಯಿತು. ಆ ತೋಳಿಗೆ ಇಪ್ಪತ್ತೇಳು ವರ್ಷ ಬಟ್ಟೆ ಕತ್ತರಿಸಿದವಳು ನಾನು, ನನಗೆ ಟೇಪು ಬೇಕಿರಲಿಲ್ಲ. ಪ್ರಾಜಕ್ತಾ ನನ್ನ ಪಕ್ಕದಲ್ಲಿ, “ಅವ್ವಾ” ಅಂದಳು.

“ಬಂತ್ರಿ ಆಯಿ,” ಅಂದ ಧೂಳಪ್ಪ. ಕಣ್ಣೀರು ಹಾಳೆಯ ಮೇಲೆ ಬೀಳದ ಹಾಗೆ ಮುಖ ಆಚೆ ತಿರುಗಿಸಿಕೊಂಡಿದ್ದ. “ಬಂತು. ಕೈ ಇಳಸ್ರಿ ಇನ್ನ.”

ಆಯಿ ಇಳಿಸಲಿಲ್ಲ. ಚಿತ್ರದ ಕಡೆ ನೋಡಲೂ ಇಲ್ಲ. ತೋಳು ನಡುಗುತ್ತಿದ್ದವು, ಆದರೂ ಆ ಎರಡು ಅಂಗೈಗಳು ಇದ್ದಲ್ಲೇ ಇದ್ದವು. ಕಣ್ಣು ನಮ್ಮನ್ನು ದಾಟಿ ಹೊರಗೆ, ಹೊಳೆಯ ಕಡೆಗೆ ಹೋಗಿತ್ತು.

“ಕೈ ಬ್ಯಾನಿ ಆಕ್ಕಾವ್ರಿ ಆಯಿ. ಸಾಕು, ಇಳಸ್ರಿ.”

“ತಡಿಯಪಾ,” ಅಂದರು ಮುದುಕಿ, ಮೆಲ್ಲಗೆ, ಮಲಗಿದ ಕೂಸು ಏಳಬಾರದೆನ್ನುವ ಹಾಗೆ. “ಈಗ ಇಳಸಿದ್ರ ಆಕಿಗಿ ನೋವಾಕ್ಕೈತಿ. ದಂಡಿ ಇನ್ನಾ ಬಂದಿಲ್ಲ.”

ಧೂಳಪ್ಪ ಪೆನ್ಸಿಲ್ ಕೆಳಗಿಟ್ಟ. ಮೊಣಕಾಲೂರಿ ಅವರ ಹತ್ತಿರ ಸರಿದು, ಆ ನಡುಗುವ ಕೈಗಳ ಕೆಳಗೆ ತನ್ನ ಎರಡೂ ಕೈ ಕೊಟ್ಟು ಕುಳಿತ.